ಬಿದ್ದ ಮರದ ಎದೆಮಟ್ಟ

ಎಲ್ಲದಕ್ಕೂ ಮೂಲ ನೌಜರನ ಕತ್ತುನೋವು. ಮಾಜಂದರಾನ್ ಸೀಮೆಯ ಬೆಟ್ಟದ ಕಾಡಿನಲ್ಲಿ ಮರಗಳ ಎತ್ತರ ಅಳೆಯುವುದು ಅವನ ಕೆಲಸ. ಬೀಚ್, ಮೇಪಲ್, ಓಕ್ ಎಲ್ಲ ಒಂದರೊಳಗೊಂದು ತಲೆ ತೂರಿಸಿ ನಿಂತಿರುವಲ್ಲಿ ಯಾವ ತುದಿ ಯಾವ ಮರದ್ದೆಂದು ದೇವರಿಗೇ ಗೊತ್ತು. ಬೇಸತ್ತು ಅವನೊಂದು ಸೂತ್ರ ಕಟ್ಟಿದ: ಮರದ ಜಾತಿಯನ್ನೂ ಎದೆಮಟ್ಟದಲ್ಲಿ ಕಾಂಡದ ದಪ್ಪವನ್ನೂ ಹೇಳಿದರೆ ಸಾಕು, ತಲೆಯೆತ್ತದೆ ಎತ್ತರ ಹೇಳಬಹುದು. ಸೂತ್ರ ಗೆದ್ದರೆ ಪೇಟೆಯ ಕಚೇರಿಯಲ್ಲಿ ಹೀಟರ್ ಪಕ್ಕದ ಕುರ್ಚಿ ಸಿಕ್ಕೀತೆಂಬ ಆಸೆ ಬೇರೆ.

ಪರೀಕ್ಷೆಗೆ ಅರಣ್ಯ ಇಲಾಖೆಯ ನಿರ್ದೇಶಕ ಬಹ್ರಾಮಿಯವರೇ ಬಂದರು. ಗಾಳಿಗೆ ಉರುಳಿದ್ದ ಬೀಚ್ ಮರವೊಂದನ್ನು ತೋರಿಸಿ, ಮೊದಲು ಎತ್ತರ ಹೇಳು, ಆಮೇಲೆ ಟೇಪು ಹಿಡಿಯೋಣ ಎಂದರು. ಕಾಡಂಚಿನ ಚಹಾದಂಗಡಿಯ ಮಂದಿಯೆಲ್ಲ ಲೋಟ ಬಿಟ್ಟು ಹಿಂದೆಯೇ ಬಂದಿದ್ದರು.

ಬಿದ್ದ ಮರವಾದರೆ ಬುಡಕ್ಕೆ ಕಾಲು ಕೊಟ್ಟು ಪಕ್ಕದಲ್ಲಿ ಮಲಗಿ, ತನ್ನ ಅಂಗಿಯ ಜೇಬು ಬಂದಲ್ಲಿ ದಪ್ಪ ಅಳೆಯುವುದು ನೌಜರನ ರೂಢಿ. ಆದರೆ ಚಹಾದಂಗಡಿಯ ಯಜಮಾನ ಮಶ್ ಗಂಬರ್ ಅಡ್ಡ ಬಂದ.

"ನಾವು ಸತ್ತಿದೀವಾ ಇಂಜಿನಿಯರ್ ಸಾಹೇಬ್ರೇ, ನೀವು ಕೆಸರಲ್ಲಿ ಮಲಗೋಕೆ?"

ಹೇಳಿದವನೇ ತಾನೇ ಮಲಗಿಬಿಟ್ಟ. ಗಂಬರನೋ ಮೇಕೆದೊಡ್ಡಿಯ ಬಾಗಿಲಷ್ಟೇ ಎತ್ತರದ ಕುಳ್ಳ. ಅವನ ಎದೆ ಬಂದದ್ದು ಕಾಂಡ ಇನ್ನೂ ದಪ್ಪಗಿರುವ ಬುಡದ ಊತದ ಹತ್ತಿರ. ಸೂತ್ರ ನಲವತ್ತೆರಡು ಮೀಟರ್ ಎಂದಿತು, ಟೇಪು ಮೂವತ್ತನಾಲ್ಕು ಎಂದಿತು. ಬಹ್ರಾಮಿ ಕನ್ನಡಕ ತೆಗೆದು ಒರೆಸತೊಡಗಿದರು.

ಮರುಕ್ಷಣವೇ ನೌಜರನಿಗೆ ಹೊಳೆಯಿತು: ಸೂತ್ರ ಕಟ್ಟಿದ್ದು ತನ್ನ ಎದೆಮಟ್ಟಕ್ಕೆ, ಗಂಬರನದಕ್ಕಲ್ಲ. ಹೊಸ ಪ್ಯಾಂಟಿನ ಆಸೆ ಬಿಟ್ಟು ಕೆಸರಿನಲ್ಲಿ ಉದ್ದಕ್ಕೆ ಮಲಗಿದ, ಜೇಬಿನ ನೇರಕ್ಕೆ ಅಳೆದು ಲೆಕ್ಕ ಹಾಕಿದ. ಮೂವತ್ತನಾಲ್ಕಕ್ಕೆ ಒಂದು ಗೇಣು ಕಡಿಮೆ, ಅಷ್ಟೆ. ಜನ ಅವನನ್ನು ಕೆಸರು ಸಮೇತ ಹೆಗಲ ಮೇಲೆ ಹೊತ್ತು ಕುಣಿದರು. ಹೆಗಲ ಮೇಲಿಂದ ನೋಡಿದರೆ ಇಡೀ ಕಾಡೇ ತನಗೆ ಸಲಾಮು ಹೊಡೆದಂತೆ ಕಂಡು ನೌಜರನ ಎದೆಯುಬ್ಬಿತು.

ಬಹ್ರಾಮಿ ಅಲ್ಲೇ ಕಚೇರಿಯ ಕುರ್ಚಿ ಕೊಡುವುದಾಗಿ ಹೇಳಿದರು. ಮೊದಲ ಸಲಕ್ಕೇ ಹೂಂ ಎಂದರೆ ನಮ್ಮಲ್ಲಿ ಹೊಟ್ಟೆಬಾಕ ಎನ್ನುತ್ತಾರೆ. ಅದಕ್ಕೇ ನೌಜರ್ ಎದೆಯ ಮೇಲೆ ಕೈಯಿಟ್ಟು, ತಾನೆಲ್ಲಿ ಆ ಕುರ್ಚಿಯೆಲ್ಲಿ ಎಂದ. ಅವರು ಮತ್ತೆ ಒತ್ತಾಯಿಸಿದರು. ಕಾಡಿನ ಸೇವೆಯೇ ಸಾಕು ಎಂದ. ಮೂರನೆಯ ಸಲ ಕೇಳಿದಾಗ ಒಪ್ಪಲೆಂದು ಬಾಯಿ ತೆರೆದ.

ಅಷ್ಟರಲ್ಲಿ ಗಂಬರ್ ಅಭಿಮಾನದಿಂದ ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದ.

"ನೀವು ಸಿಂಹಾಸನ ಕೊಟ್ರೂ ಇವ್ರು ಬರಲ್ಲ ಸಾಹೇಬ್ರೇ. ಕಾಡು ಬಿಟ್ರೆ ಇವ್ರು ಬದುಕಲ್ಲ."

ಬಹ್ರಾಮಿ ನೌಜರನ ಹಣೆಗೆ ಮುತ್ತಿಟ್ಟು, ಒಂದೊಂದು ಕಣಿವೆಗೂ ಬೇರೆ ಬೇರೆ ಸೂತ್ರ ಬೇಕಲ್ಲವೇ, ಅದಕ್ಕೆ ಮೊದಲು ಮರಗಳನ್ನೆಲ್ಲ ತಲೆಯೆತ್ತಿ ಅಳೆಯಬೇಕಲ್ಲವೇ, ಉಳಿದ ಕಣಿವೆಗಳೆಲ್ಲ ಇನ್ನು ನಿನ್ನವೇ ಎಂದರು.