ಕಲ್ಲುಹಾಸಿನ ಮೇಲೆ ನಿಂತ ಮೋಟರು

ಹೈದರಾಬಾದ್ ಸರ್ಕಾರದ ಲೆಕ್ಕದಲ್ಲಿ ೧೩೫೩ ಫಸಲಿ, ಖುರ್ದಾದ್ ತಿಂಗಳ ನಾಲ್ಕನೆಯ ದಿನ. ಬೆಳಿಗ್ಗೆಯಿಂದಲೇ ಬಿಸಿಲು, ಗಾಳಿ ಇಲ್ಲ.

ರಸ್ತೆ ಇರುವುದು ಗಾಡಿಗೆ, ಪಕ್ಕದ ಕಲ್ಲುಹಾಸು ಇರುವುದು ಕಾಲಿಗೆ ಎಂದು ನಡೆಯುವವರು ತಿಳಿದಿರುತ್ತಾರೆ. ಗಾಡಿ ಇರುವವರು ಹಾಗೆ ತಿಳಿದಿರುವುದಿಲ್ಲ. ಇದರಿಂದ ಎಲ್ಲ ಊರಿನಲ್ಲೂ ಏನಾದರೊಂದು ಆಗುತ್ತಲೇ ಇರುತ್ತದೆ. ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನ ಅಂಗಡಿಯ ಮುಂದೆ ಆದದ್ದನ್ನಷ್ಟೇ ಹೇಳುತ್ತೇನೆ.

ನಿಂತದ್ದು

ನನ್ನದು ಪುಸ್ತಕ ಕಟ್ಟುವ ಅಂಗಡಿ. ಕಟ್ಟಲು ಬಂದದ್ದನ್ನೆಲ್ಲ ಓದುವ ಚಟವಿದ್ದುದರಿಂದ ಕೆಲಸ ನಿಧಾನ, ಮಾತು ಕಡಿಮೆ. ಅಂಟು ಹಚ್ಚಿದ ಪುಸ್ತಕಗಳನ್ನು ಒಣಗಿಸುತ್ತಿದ್ದುದು ಬಾಗಿಲ ಮುಂದಿನ ಕಲ್ಲುಹಾಸಿನ ಮೇಲೆ.

ಆ ದಿನ ದೇಶಮುಖರ ಮೋಟರು ಸ್ಟೇಷನ್ನಿಗೆ ಹೊರಟದ್ದು ನನ್ನ ಅಂಗಡಿಯ ಎದುರಿಗೆ ಬಂದು ಕೆಮ್ಮಿ ನಿಂತಿತು. ಯುದ್ಧದ ಕಾಲ. ಚೀಟಿ ಇದ್ದವರಿಗೂ ಪೆಟ್ರೋಲು ಸಿಗುತ್ತಿರಲಿಲ್ಲ. ನಾಲ್ಕು ಜನ ಹಮಾಲರು ಮೋಟರನ್ನು ದೂಡಿ ಕಲ್ಲುಹಾಸಿನ ಮೇಲೆ ಹತ್ತಿಸಿದರು. ದೇಶಮುಖರು ರೈಲು ಹಿಡಿದು ಹೈದರಾಬಾದಿಗೆ ಹೋದರು. ಅವರ ಗುಮಾಸ್ತ ಹಿಂದೆ ಉಳಿದು ನನ್ನ ಬಳಿ ಬಂದ.

"ಸಾಹೇಬ್ರು ಬರೋತನಕ ಇದು ಇಲ್ಲೇ ಇರ್ತದ. ಒಂದು ಗೀರು ಬಿದ್ದರ ನಿಮ್ಮ ಅಂಗಡಿಗೆ ಬೀಗ."

ಅಂಗಡಿಯ ಸಾಲೆಲ್ಲ ದೇಶಮುಖರದೇ. ಬೀಗ ಅವರದು, ಬೀಗದ ಕೈಯೂ ಅವರದು.

"ಒಳಗ ಹೋಗಾಕ ದಾರಿ ಇಲ್ರಿ," ಎಂದೆ. ಮೋಟರು ಬಾಗಿಲಿಗೆ ಅಡ್ಡವಾಗಿ ನಿಂತಿತ್ತು.

ಗುಮಾಸ್ತ ಮೋಟರಿಗೂ ಬಾಗಿಲಿಗೂ ನಡುವಿನ ಸಂದನ್ನು ನೋಡಿದ, ಆಮೇಲೆ ನನ್ನ ಹೊಟ್ಟೆಯನ್ನು ನೋಡಿದ. "ಸ್ವಲ್ಪ ದಿನ ರಾತ್ರಿ ಊಟ ಬಿಡ್ರಿ," ಎಂದ.

ನೆರಳು

ಮರುದಿನ ಮಧ್ಯಾಹ್ನ ಮೋಟರಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಗೀರು ಬಿದ್ದರೆ ಬೀಗ, ಹೆಣ ಬಿದ್ದರೆ ಏನೆಂದು ಗುಮಾಸ್ತ ಹೇಳಿರಲಿಲ್ಲ. ಬಗ್ಗಿ ಕಾಲು ಅಲ್ಲಾಡಿಸಿದೆ. ಕರಣಕೋಟದ ಕಡೆಯ ರೈತನೊಬ್ಬ ತಲೆಯ ಕೆಳಗೆ ಜೋಳದ ಗಂಟಿಟ್ಟು ಮಲಗಿದ್ದ.

"ಹೊರಗ ಬಾರಪ್ಪಾ. ಇದು ದೇಶಮುಖರ ಮೋಟರು."

"ಗೊತ್ತದರಿ. ನಮ್ಮ ಊರೂ ಅವರದೇ."

"ಮೈ ಮ್ಯಾಲೆ ಹೋದ್ರ?"

"ಇದು ಹೋಗೋದಿಲ್ಲಂತ ಎಲ್ಲಾರೂ ಅಂದ್ರು, ಅದಕ್ಕ ಮಲಗೀನಿ," ಎಂದು ಮಗ್ಗುಲು ಬದಲಿಸಿದ. "ಹೋಗೋ ಹಂಗ ಕಂಡರ ಎಬ್ಬಸ್ರಿ. ನಾನೂ ಒಂದ್ಸಲ ನೋಡ್ತೀನಿ."

ಆಡು

ಸಂತೆಯ ದಿನ ಬಂತು. ನಾನು ಬಾಗಿಲಲ್ಲಿ ಕುಳಿತು ಓದುತ್ತಿದ್ದೆ ಎಂದರೆ ತಪ್ಪು. ಪುಸ್ತಕ ಹಿಡಿದುಕೊಂಡು ಮೋಟರನ್ನು ಕಾಯುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಅದರ ನೆತ್ತಿಯ ಮೇಲೆ ಒಂದು ಕರಿ ಆಡು ನಿಂತಿತ್ತು. ಅಂಗಡಿಯ ಮುಂದಿನ ಬೇವಿನ ಮರದ ಕೊಂಬೆಗೆ ಬಾಯಿ ಹಾಕಿ, ಹಿಂಗಾಲಲ್ಲಿ ಬಣ್ಣವನ್ನು ಒತ್ತಿ ಹಿಡಿದಿತ್ತು.

ನಾನು ಕೋಲು ತೆಗೆದುಕೊಂಡೆ. ಆಡಿನ ಒಡತಿ, ಕುರಿ ಕಾಯುವ ಮುದುಕಿ, ನನ್ನ ಕೋಲನ್ನು ಹಿಡಿದುಕೊಂಡಳು.

"ಹೆದರಸಬ್ಯಾಡೋ ನನ್ನಪ್ಪಾ. ಹೆದರಿದ್ರ ಜಾರ್ತದ. ತಿಂದು ತಾನೇ ಇಳೀತದ."

"ಯಾವಾಗ ಇಳೀತದವ್ವಾ?"

"ಸೊಪ್ಪು ಮುಗದಾಗ."

ಬೇವಿನ ಮರ ದೊಡ್ಡದಿತ್ತು. ನಾನು ಕೊಂಬೆ ಮುರಿದು ಕೆಳಗೆ ಹಾಕಿದ ಮೇಲೆ ಆಡು ಇಳಿಯಿತು. ಇಳಿಯುವಾಗ ನೆತ್ತಿಯಿಂದ ಬಾನೆಟ್ಟಿನವರೆಗೆ ಒಂದು ಉದ್ದ ಗೀರು ಎಳೆದುಕೊಂಡೇ ಇಳಿಯಿತು. ಗೀರಿನ ಮೇಲೆ ಬೆರಳಿಟ್ಟು, "ನೋಡವ್ವಾ, ನೋಡು," ಎಂದೆ.

ಮುದುಕಿ ಕುಕ್ಕರಗಾಲಲ್ಲಿ ಕುಳಿತು ಆಡಿನ ನಾಲ್ಕೂ ಗೊರಸುಗಳನ್ನು ಎತ್ತಿ ನೋಡಿದಳು.

"ಏನೂ ಆಗಿಲ್ಲ ಬಿಡು," ಎಂದು ನನಗೆ ಧೈರ್ಯ ಹೇಳಿದಳು.

ಮೆರವಣಿಗೆ

ಅಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಗುಮಾಸ್ತ ಹೇಳಿದಂತೆಯೇ ಆಗಿ, ಸಂದಿಯಲ್ಲಿ ಸುಲಭವಾಗಿ ಹೋಗಿಬರತೊಡಗಿದೆ. ಗೀರಿಗೆ ಮಸಿ ಹಚ್ಚಿದೆ. ಮಸಿ ಒಣಗಿದ ಮೇಲೆ ಗೀರು ಇನ್ನೂ ಚೆನ್ನಾಗಿ ಕಂಡಿತು.

ಹೀಗಿರುವಾಗ ನಾರಾಯಣಖೇಡದ ತೊಗರಿ ವ್ಯಾಪಾರಿಯೊಬ್ಬರು ಬಂದರು. ಮಗನ ಮದುವೆ ತಾಂಡೂರಿನಲ್ಲಿ. ಮೋಟರು ನನ್ನದೆಂದು ಅವರಿಗೆ ಯಾರೋ ಹೇಳಿದ್ದರು.

"ಮೆರವಣಿಗಿಗೆ ಒಂದು ತಾಸು ಕೊಡ್ರಿ," ಎಂದರು.

"ನಂದಲ್ರಿ. ಮತ್ತ ಇದು ಓಡೋದೂ ಇಲ್ಲ."

"ಓಡೋದು ಯಾಕ ಬೇಕರಿ? ಎರಡು ಜೋಡಿ ಎತ್ತು ನಮ್ಮವು ಅವ. ಮುಂದ ಹೂಡಿದ್ರ ಆತು."

"ಮೋಟರಿಗೆ ಎತ್ತು ಹೂಡಿದ್ರ ಜನ ನಗ್ತಾರ್ರಿ."

ಅವರು ಗಂಭೀರವಾಗಿ ಯೋಚಿಸಿದರು. "ನಗೂದು ಹೌದು. ಆದ್ರ ಹುಡುಗನೂ ತಾನಾಗಿ ಹೊಂಟಿಲ್ರಿ. ನಾವು ನಾಲ್ಕು ಮಂದಿ ಎಳಕೊಂಡೇ ಬಂದೀವಿ."

ಕೊಂಡವಾಡ

ಮೆರವಣಿಗೆಗೆ ನಾನು ಮೋಟರು ಬಿಡಲಿಲ್ಲ. ಆಮೇಲೆ ಊರಿಗೆ ಹೊಸ ಪೋಲೀಸ್ ಅಮೀನರು ಬಂದರು. ಠಾಣೆಗೆ ಬಂದ ಮರುದಿನವೇ ಅವರ ಹುಕುಂ ಆಯಿತು: ದೊಡ್ಡ ಸಾಹೇಬರೊಬ್ಬರು ಊರು ನೋಡಲು ಬರುತ್ತಾರೆ, ಕಲ್ಲುಹಾಸಿನ ಮೇಲೆ ಏನೇ ನಿಂತಿರಲಿ, ಮಾಲಕ ಎದುರಿಗೆ ಇಲ್ಲದಿದ್ದರೆ ಕೊಂಡವಾಡಕ್ಕೆ ಹಾಕತಕ್ಕದ್ದು. ಕೊಂಡವಾಡವೆಂದರೆ ಪರರ ಹೊಲ ಮೇಯ್ದ ದನಗಳನ್ನು ಕೂಡಿಹಾಕುವ ಸರ್ಕಾರಿ ದೊಡ್ಡಿ.

ಜವಾನ ಮೋಟರಿನ ಮುಂದೆ ನಿಂತು ನನ್ನನ್ನು ಕೇಳಿದ: "ಇದರ ಮಾಲಕರು ನೀವೇನ್ರಿ?"

ಹೌದೆಂದರೆ ಕಲ್ಲುಹಾಸಿಗೆ ಅಡ್ಡ ನಿಲ್ಲಿಸಿದ ತಪ್ಪು ನನ್ನದು. ಇಲ್ಲವೆಂದರೆ ಮೋಟರು ದೊಡ್ಡಿಗೆ, ಅಂಗಡಿಗೆ ಬೀಗ. ನಾನು ಯೋಚಿಸತೊಡಗಿದೆ.

"ಮಾತಾಡ್ರಿ."

ನಾನು ಇನ್ನೂ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಜವಾನನ ಆಳುಗಳು ಮೋಟರಿಗೆ ಎತ್ತು ಹೂಡಿದರು.

"ದೇಶಮುಖರದು ಅಂತ ನಿನಗೂ ಗೊತ್ತದಲ್ಲೋ," ಎಂದು ಕೊನೆಗೆ ಹೇಳಿದೆ.

"ಗೊತ್ತದರಿ. ಆದ್ರ ಅವರು ಎದುರಿಗೆ ಇಲ್ಲಲ್ಲ. ಹುಕುಂ ಅಂದ್ರ ಹುಕುಂ," ಎಂದು ಜವಾನ ಎತ್ತುಗಳನ್ನು ಹೊಡೆದ.

ದೇಶಮುಖರು ಬಂದದ್ದು ವಾರದ ಮೇಲೆ. ನನ್ನನ್ನು ಕರೆಸಿದರು. ಕೊಂಡವಾಡದಲ್ಲಿ ಮೋಟರಿನ ಒಂದು ಕಡೆ ಎಮ್ಮೆ ಮೈ ತಿಕ್ಕುತ್ತಿತ್ತು, ಇನ್ನೊಂದು ಕಡೆ ಕತ್ತೆ ಕನ್ನಡಿ ನೋಡಿಕೊಳ್ಳುತ್ತಿತ್ತು. ಬಣ್ಣ ಇದ್ದ ಜಾಗ ಕಡಿಮೆ, ಗೀರು ಇದ್ದ ಜಾಗ ಹೆಚ್ಚು.

"ಇದೆಲ್ಲ ಎಲ್ಲಿ ಆದದ್ದು?" ದೇಶಮುಖರು ನನ್ನನ್ನೇ ನೋಡುತ್ತ ಕೇಳಿದರು.

"ಇಲ್ಲೇರಿ ಸಾಹೇಬ್ರ," ಎಂದ ದೊಡ್ಡಿ ಕಾಯುವವನು, ತನ್ನ ಎಮ್ಮೆಯನ್ನು ಬಿಟ್ಟುಕೊಡದೆ. "ಚಲೋ ಎಮ್ಮಿ. ಒಂದು ಕಡೀನೂ ಬಿಟ್ಟಿಲ್ಲ."

ಆಡಿನ ಗೀರೂ ಎಮ್ಮೆಯ ಲೆಕ್ಕಕ್ಕೆ ಹೋಯಿತು.

ಯಾವ ಪ್ರಾಣಿಗೆ ಎಷ್ಟು ದಂಡ ಎಂದು ಬರೆದ ಹಲಗೆ ಗೋಡೆಗೆ ತೂಗುಹಾಕಿತ್ತು. ಮೇಲೆ ಆನೆ, ಅದರ ಕೆಳಗೆ ಒಂಟೆ, ಕುದುರೆ, ಹೀಗೆ ಇಳಿಯುತ್ತ ಹೋಗಿತ್ತು. ಮೋಟರು ಎಲ್ಲಿಯೂ ಇರಲಿಲ್ಲ.

"ಆನಿ ಅಂತ ಬರೀಲೇನ್ರಿ?" ಎಂದ ಅವನು. "ನಿಮ್ಮ ಮರ್ಯಾದಿಗೆ ಅದೇ ಸರಿ."

ದೇಶಮುಖರು ಆನೆಯ ದಂಡ ನೋಡಿದರು. "ಅದಕ್ಕ ಕೆಳಗ?"

"ಒಂಟಿ."

"ಅದಕ್ಕ ಕೆಳಗ?"

"ಕುದುರಿ. ದಿನದ ಮೇವಿನ ಖರ್ಚು ಬ್ಯಾರೆ."

"ಮೇವು? ಇದು ಒಂದು ಕಡ್ಡಿ ಹುಲ್ಲು ತಿಂದದೇನೋ?"

ಅವನು ಮೋಟರಿನ ಬಾಯಿಯ ಕಡೆ ನೋಡಿ ಒಪ್ಪಿಕೊಂಡ. "ಇಲ್ರಿ. ಹುಲ್ಲು ಹಾಕಿದ್ದೆ, ಮುಟ್ಟಲಿಲ್ಲ." ಆಮೇಲೆ ಹಲಗೆಯ ಮೇಲೆ ಬೆರಳು ಇಳಿಸುತ್ತ ಹೋದ. ಎತ್ತು, ಎಮ್ಮೆ, ಕತ್ತೆ ದಾಟಿದ. "ಮೇವಿನ ಖರ್ಚು ಇಲ್ಲದ್ದು ಇದರಾಗ ಒಂದೇ ಅದರಿ," ಎಂದು ಬೆರಳು ನಿಲ್ಲಿಸಿದ.

ದೇಶಮುಖರು ಬಗ್ಗಿ ಓದಿದರು. ಸುತ್ತ ನೋಡಿದರು. "ಬರಕೋ," ಎಂದರು. ಸಾಕ್ಷಿಗೆ ನನ್ನ ರುಜು ಆಯಿತು.

ಹೊರಗೆ ಬಂದ ಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು. "ನೀವು ಕಡಿಮಿ ಮಾತಿನವರಂತ ಕೇಳೀನಿ. ಹಂಗೇ ಇರ್ರಿ. ಇದು ಊರಾಗ ಗೊತ್ತಾದ ದಿನ ಅಂಗಡಿಗೆ ಬೀಗ."

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ದೇಶಮುಖರು ಆನೆಯ ದಂಡ ಕಟ್ಟಿದರೆಂದು ಊರೆಲ್ಲ ಸುದ್ದಿಯಾಗಿತ್ತಂತೆ. ಸುದ್ದಿ ಹಬ್ಬಿಸಿದವನು ಗುಮಾಸ್ತ.

"ಖರೇನ ಆನೀದು ಕಟ್ಟಿದ್ರೇನ್ರಿ?"

ನಾನು ಕೈಕಾಲು ತೊಳೆದೆ.

"ಮತ್ತ ಕುದುರೀದಾ?"

ನಾನು ತಟ್ಟೆಯ ಮುಂದೆ ಕುಳಿತೆ. ಅವಳು ರೊಟ್ಟಿಯ ಬುಟ್ಟಿಯನ್ನು ತನ್ನ ಹಿಂದೆ ಇಟ್ಟುಕೊಂಡಳು. ಇಷ್ಟು ದಿನದ ಮೇಲೆ ಅಂದು ನನಗೆ ಹಸಿವಾಗಿತ್ತು.

"ಯಾರ ಮುಂದೂ ಅನ್ನಬ್ಯಾಡ. ಅಂಗಡಿ ಹೋಗ್ತದ."

"ಅನ್ನಂಗಿಲ್ಲ. ಕತ್ತೀದೇನು?"

"ಅದಕ್ಕೂ ಕೆಳಗ ಒಂದಿತ್ತು," ಎಂದೆ. "ಇನ್ನೂ ತಾಯಿ ಹಾಲು ಬಿಡದ ಕುರಿಮರಿ. ಒಂದಾಣೆ."