ಎಂಜಿನ್ನಿಗೆ ಬಾಯಿತನಕ ಗಚ್ಚು

ರಾಯಚೂರಿನ ಪಿಯು ಕಾಲೇಜಿನಲ್ಲಿ ಹದಿನೆಂಟು ವರ್ಷ ಭೌತಶಾಸ್ತ್ರ ಕಲಿಸಿದ ನನಗೆ ಎಂಟುನೂರು ಸಿಸಿಯ ಪುಟ್ಟ ಕಾರೊಂದನ್ನು ಬಲಪಡಿಸುವುದು ಯಾವ ಮಹಾ ಕೆಲಸ! ಟರ್ಬೊ ಹಾಕಿಸಲು ನಿರ್ಧರಿಸಿದೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರವದು.

ಮಾನ್ವಿಯ ಮಿಸ್ತ್ರಿ ಮೆಹಬೂಬ ಸಾಬರು ಬಾನೆಟ್ ಎತ್ತಿ ನೋಡಿದರು.

"ಸರ, ಅಷ್ಟು ಒತ್ತಡಕ್ಕ ಎಂಜಿನ್ನಿನ ಬ್ಲಾಕ್ ಸೀಳ್ತದ. ಸಿಲಿಂಡರಿನ ಗೋಡಿ ಭಾಳ ತೆಳ್ಳಗ ಅದಾವ."

"ಗಟ್ಟಿ ಮಾಡೂಣು ತಗೋರಿ!"

ಸಿಲಿಂಡರುಗಳ ಸುತ್ತ ನೀರು ಹರಿಯುವ ಸಂದಿಗೆ ಸಿಮೆಂಟಿನಂಥ ಗಚ್ಚು ಸುರಿದರೆ ಗೋಡೆ ಅಲುಗುವುದಿಲ್ಲ. ಮೊಬೈಲಿನಲ್ಲಿ ನೋಡಿದ್ದೆ. ಸಾಬರಿಗೂ ಗೊತ್ತಿತ್ತು.

"ಕೆಳಗ ಅರ್ಧ ಅಷ್ಟ ಹಾಕೂಣ್ರಿ. ಮ್ಯಾಲಿಂದು ನೀರಿಗೆ ಬಿಡಬೇಕು. ಇಲ್ಲಾಂದ್ರ ಎಂಜಿನ್ ಕುದೀತದ."

ಅರ್ಧ ಬಲ! ನನ್ನ ವಿದ್ಯೆಗೇ ಅವಮಾನ. ಅವರು ನಮಾಜಿಗೆ ಹೋದಾಗ ಉಳಿದ ಗಚ್ಚನ್ನೆಲ್ಲ ನಾನೇ ಸುರಿದೆ. ಬಾಯಿತನಕ!

ಮರಳಿ ಬಂದ ಸಾಬರು ಗಚ್ಚನ್ನು ಉಗುರಿನಿಂದ ಗೀರಿ ನೋಡಿದರು. "ಗಾಡಿ ನಿಮ್ದು ಸರ. ಇನ್ನ ಅದು ಕೆರದರೂ ಬರೂದಿಲ್ಲ."

ಟರ್ಬೊ ಕೂತ ಕಾರು ರಾತ್ರಿಯ ತಂಪಿನಲ್ಲಿ ಮೆಲ್ಲಗೆ ರಾಯಚೂರಿನ ಮನೆಗೆ ಬಂದ ವಾರದಲ್ಲೇ, ಸುಡುಬಿಸಿಲಿನ ಒಂದು ಮಧ್ಯಾಹ್ನ, ದೇವದುರ್ಗದಿಂದ ಹೆಂಡತಿ ಗಿರಿಜಾಳ ತಮ್ಮನ ಫೋನು ಬಂತು.

"ಅಕ್ಕಾ, ಜಲ್ದಿ ಬಾ. ಅಪ್ಪ ಉಳಿಯೂಹಂಗ ಕಾಣೂದಿಲ್ಲ, ನಿನ್ನ ಕೇಳಾಕತ್ತಾನ."

ಗಿರಿಜಾ ಚಪ್ಪಲಿ ಮೆಟ್ಟಿದಳು. "ಬಸ್ಸಿಗೆ ಹೋಗೂಣು ನಡೀರಿ."

"ಬಸ್ಸ? ನನ್ನ ಕಾರಿನಾಗ ಮುಕ್ಕಾಲು ತಾಸು!"

ಕಾರು ಹಾರಿತು, ನಿಜ. ಹತ್ತು ನಿಮಿಷ ಹಾರಿತು! ಆಮೇಲೆ ಶಾಖದ ಮುಳ್ಳು ಕೆಂಪಿಗೇರಿತು, ಬಾನೆಟ್ಟಿನಿಂದ ಉಗಿ ಎದ್ದಿತು. ನಿಲ್ಲಿಸಿದೆ. ತಣಿಸಿದೆ. ಎರಡು ಮೈಲಿಗೊಮ್ಮೆ ಇದೇ ಪೂಜೆ. ದೇವದುರ್ಗದ ಬಸ್ಸು ತುಂಬಿಕೊಂಡು ನಮ್ಮನ್ನು ದಾಟಿ ಹೋಯಿತು. ಕೈ ಬೀಸಿದರೂ ನಿಲ್ಲಲಿಲ್ಲ.

ನಾನು ಸುಮ್ಮನಿರಬೇಕಿತ್ತು. "ಉಷ್ಣಕ್ಕ ಹೊರಗ ಹೋಗಾಕ ದಾರಿ ಇರಬೇಕು, ಗಿರಿಜಾ…" ಎಂದು ಪಾಠ ಶುರುಮಾಡಿದೆ.

"ನೀರ ಹಾಕ್ರಿ," ಎಂದಳು ಅವಳು. ಕುಡಿಯಲು ತಂದಿದ್ದ ಕೊನೆಯ ಬಾಟಲಿಯನ್ನು ನನ್ನ ಕೈಗಿಟ್ಟಳು.

ಗಬ್ಬೂರು ದಾಟಿದ ಮೇಲೆ ಎಂಜಿನ್ ಒಮ್ಮೆ ಕಿರುಚಿ ಬಿಗಿದುಕೊಂಡಿತು. ಬ್ಲಾಕು ಮಾತ್ರ ಸೀಳಲಿಲ್ಲ! ಅಷ್ಟರಮಟ್ಟಿಗೆ ನನ್ನ ಭೌತಶಾಸ್ತ್ರ ಗೆದ್ದಿತು.

ಮೆಣಸಿನಕಾಯಿ ಚೀಲ ಹೇರಿದ್ದ ಗೂಡ್ಸ್ ಆಟೊದವನೊಬ್ಬ ಕರುಣೆಯಿಂದ ನಮ್ಮನ್ನು ಹತ್ತಿಸಿಕೊಂಡ. ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು. ಮತ್ತೆ ತಮ್ಮನ ಫೋನು ಬಂತು. ಗಿರಿಜಾ ಕಿವಿಗಿಟ್ಟು ಕೇಳಿಸಿಕೊಂಡು ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲಿನ ನೀರು ಮೆಣಸಿನಕಾಯಿಯದಲ್ಲ.

ದೇವದುರ್ಗ ಮುಟ್ಟಿದಾಗ ಮನೆ ತುಂಬ ಜನ. ಅತ್ತೆ ಮಗಳನ್ನು ತಬ್ಬಿಕೊಂಡು, "ನಿಮ್ಮಪ್ಪ ಕಣ್ಣು ಮುಚ್ಚೂತನಕ ಬಾಗಲನ್ನ ನೋಡಿದ್ರವ್ವಾ," ಎಂದು ಅತ್ತರು.

ಹಿರಿಯರೊಬ್ಬರು ಕೇಳಿದರು, "ಯಾಕವ್ವಾ ಇಷ್ಟು ತಡ?"

ಗಿರಿಜಾ ನನ್ನತ್ತ ನೋಡಲಿಲ್ಲ. "ಗಾಡಿ ಕೆಟ್ಟಿತ್ರಿ, ಕಾಕಾ."

"ಮಷೀನ್ ಅಂದಮ್ಯಾಲ ಕೆಡತದವ್ವಾ. ಯಾರದೇನು ತಪ್ಪದ ಅದರಾಗ?"

ಸುತ್ತಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು.

ನಾಚಿಕೆಗೇಡಿ, ನಾನೂ ಆಡಿಸಿದೆ!