ಮಾವನ ಹಲ್ಲು, ಅಳಿಯನ ಹಾಯಿ

ಹಲ್ಲಿನ ಡಾಕ್ಟರು ಯಾರ ಜೊತೆಗೂ ಪಂಥ ಕಟ್ಟುವ ಪೈಕಿಯವರಲ್ಲ. ಆದರೆ ಸ್ವಂತ ಮಾವನೇ ಊಟದ ಮೇಜಿನ ಮೇಲೆ ತಾವು ಮಾಡಿಕೊಟ್ಟ ಹಲ್ಲಿನ ಸೆಟ್ಟನ್ನು ಕಳಚಿಟ್ಟು, "ಇದು ನನ್ನ ಬಾಯಿಗೆ ಮಾಡಿದ್ದಲ್ಲ ಅಳಿಯಂದ್ರೇ, ಬೇರೆ ಯಾರದೋ ಬಾಯಿದು" ಅಂದರೆ ಎಂಥ ಸಾಧುವಿಗೂ ಮೈ ಉರಿಯುತ್ತದೆ.

"ಎಲ್ಲ ಸರಿಯಾಗಿದೆ ಮಾವ. ನಿಮಗಿನ್ನೂ ಅಭ್ಯಾಸ ಆಗಿಲ್ಲ, ಅಷ್ಟೇ," ಎಂದರು ಡಾಕ್ಟರು. ಯಾವ ರೋಗಿ ಬಂದು ಗೋಳು ಹೇಳಿಕೊಂಡರೂ ಅವರು ಕೊಡುತ್ತಿದ್ದ ಔಷಧಿ ಇದೊಂದೇ.

"ಹಾಗಾದ್ರೆ ಎದುರುಗಡೆ ಡಾಕ್ಟರಿಗೆ ಒಂದು ಸಲ ತೋರಿಸಲಾ?"

ಎದುರುಗಡೆ ಡಾಕ್ಟರು! ರಸ್ತೆಯಾಚೆಯ ಆ ಮೆಟ್ಟಿಲನ್ನು ಸ್ವಂತ ಮಾವ ಹತ್ತುವುದನ್ನು ಈಚೆ ಬೆಂಚಿನ ಮೇಲೆ ಕುಳಿತ ರೋಗಿಗಳೆಲ್ಲ ಕಿಟಕಿಯಿಂದ ನೋಡಿದರೆ ಕಥೆ ಮುಗಿಯಿತು. ಮರುದಿನವೇ ಬೋರ್ಡು ಇಳಿಸಬೇಕು.

"ಭಾನುವಾರ ಕೆರೆಗೆ ಬನ್ನಿ," ಎಂದು ಡಾಕ್ಟರು ಗುಡುಗಿದರು. "ನನ್ನ ವಿಂಡ್‌ಸರ್ಫಿಂಗ್ ಹಲಗೆಗೆ ನಾನೇ ಹಾಯಿ ಜೋಡಿಸಿ, ಅದರ ಮೇಲೆ ನಿಂತು ಆ ದಡ ಮುಟ್ಟಿ ಬರ್ತೀನಿ. ಜೋಡಿಸೋದು ಅಂದ್ರೇನು ಅಂತ ನೋಡುವಿರಂತೆ. ಬಿದ್ದರೆ, ಆ ಎದುರುಗಡೆಯವನ ಹತ್ತಿರಾನೇ ಹೋಗಿ."

ಹೆಂಡತಿ ಹಣೆ ಚಚ್ಚಿಕೊಂಡಳು. ಹಲಗೆ, ಹಾಯಿ, ಕಂಬ, ಹಿಡಿದು ನಿಲ್ಲುವ ಅಡ್ಡಕೋಲು, ಎಲ್ಲವನ್ನೂ ಡಾಕ್ಟರು ಒಂದೊಂದು ಕಡೆಯಿಂದ ಹಳೆಯದನ್ನೇ ಹುಡುಕಿ ತಂದಿದ್ದರು. ಅವು ಒಂದರ ಮುಖ ಒಂದು ನೋಡಿದ್ದೇ ಇವರ ಹಜಾರದಲ್ಲಿ.

ಭಾನುವಾರ ಮಾವ ಕೆರೆಯ ದಡದಲ್ಲಿ ಮಡಚುಕುರ್ಚಿ ಹಾಕಿ ಕುಳಿತರು, ಹಲ್ಲು ಜೇಬಿನಲ್ಲಿ. ಡಾಕ್ಟರು ಹಾಯಿಯ ಅಂಚಿನಲ್ಲಿ ಮಡಚಿ ಹೊಲಿದ ತೋಳಿನೊಳಗೆ ಕಂಬ ತೂರಿಸಿದರು. ಹಾಯಿ ಮುಗಿಯಿತು, ಕಂಬ ಮುಗಿಯಲಿಲ್ಲ.

"ರೀ, ಕಂಬ ಉದ್ದ ಆಯ್ತು," ಎಂದಳು ಪಕ್ಕದಲ್ಲಿ ನಿಂತ ಹೆಂಡತಿ.

"ಎಳೆದರೆ ಹೊಂದುತ್ತೆ."

ಎಳೆದರು. ಹಾಯಿಯ ಮೈತುಂಬ ಸುಕ್ಕು ಬಿತ್ತು. ಅಡ್ಡಕೋಲು ಗಿಡ್ಡವಾಗಿ ಹಾಯಿಯ ತುದಿಗೆ ಎಟುಕಲಿಲ್ಲ. ಅದಕ್ಕೊಂದು ಹಗ್ಗ ಕಟ್ಟಿದರು. ಕಂಬದ ಬುಡದ ಗೂಟವಂತೂ ಹಲಗೆಯ ತೂತಿಗೆ ಇಳಿಯಲೇ ಇಲ್ಲ.

"ರೀ, ಅದು ಈ ಹಲಗೇದಲ್ಲ. ಬಿಟ್ಟುಬಿಡಿ."

"ಸ್ವಲ್ಪ ಉಜ್ಜಿದರೆ ಕೂರುತ್ತೆ ಕಣೇ."

ಹಲ್ಲಿನ ಸೆಟ್ಟು ತಿದ್ದುವ ಅರ ಚೀಲದಿಂದ ಹೊರಬಂತು. ಉಜ್ಜಿದರು, ಕೂರಲಿಲ್ಲ. ಹಟ ಹಿಡಿದು ಮತ್ತೂ ಉಜ್ಜಿದರು. ಈಗ ಗೂಟ ಸಲೀಸಾಗಿ ಒಳಗೆ ಹೋಯಿತು, ಅಷ್ಟೇ ಸಲೀಸಾಗಿ ಹೊರಗೂ ಬಂತು. ಡಾಕ್ಟರು ಗೂಟವನ್ನು ಅಲ್ಲಾಡಿಸಿ ನೋಡಿದರು. ಇಂಥ ಲೊಡಲೊಡ ಸದ್ದನ್ನು ಅವರು ಎಲ್ಲೋ ಕೇಳಿದ್ದರು. ಎಲ್ಲಿ ಎಂದು ಯೋಚಿಸುವ ಧೈರ್ಯ ಬರಲಿಲ್ಲ.

ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ಡಬ್ಬಿ ಖಾಲಿಯಾಗುವವರೆಗೆ ಬುಡಕ್ಕೆ ಸುತ್ತಿ ನೀರಿಗಿಳಿದರು. ದೇವರ ಮೇಲೆ ಭಾರ ಹಾಕಿ ಹಲಗೆ ಹತ್ತಿ ಹಾಯಿ ಎತ್ತಿದರು. ನಿಂತಿತು. ನಿಜವಾಗಿಯೂ ನಿಂತೇಬಿಟ್ಟಿತು.

"ಮಾವ, ನೋಡಿದ್ರಾ?" ಎಂದು ಒಂದು ಕೈ ಎತ್ತಿದರು. ಅದೇ ಹೊತ್ತಿಗೆ ಗಾಳಿ ಬಂತು. ದಾರ ಬಿಚ್ಚಿತು. ಹಲಗೆ ಆ ಕಡೆ, ಹಾಯಿ ಈ ಕಡೆ, ನಡುವೆ ಡಾಕ್ಟರು ಗುಳುಂ.

ಎದೆಮಟ್ಟದ ನೀರಿನಲ್ಲಿ ಅಡ್ಡಕೋಲೊಂದನ್ನೇ ಹಿಡಿದು ಎದ್ದು ನಿಂತಾಗ ಅವರ ಕಣ್ಣಿಗೆ ಕಟ್ಟಿದ್ದು ಎದುರುಗಡೆಯ ಆ ಮೆಟ್ಟಿಲು.

"ಮಾವ, ಇದೊಂದು ಸಲ ಲೆಕ್ಕಕ್ಕೆ ತಗೋಬೇಡಿ," ಎಂದು ಅಂಗಲಾಚಿದರು. "ಒಂದಕ್ಕೊಂದು ಹೊಂದೋದೇ ಇಲ್ಲ. ಇಂಥದ್ದನ್ನ ಇಟ್ಕೊಂಡು ಯಾರಿಗೆ ತಾನೇ ಆಗುತ್ತೆ ಹೇಳಿ?"

ಮಾವ ಅವಸರ ಮಾಡಲಿಲ್ಲ. ಜೇಬಿನಿಂದ ಸೆಟ್ಟು ತೆಗೆದು, ಕರವಸ್ತ್ರದಲ್ಲಿ ಒರೆಸಿ, ಬಾಯಿಗೆ ಹಾಕಿಕೊಂಡರು. ಅದು ಲೊಡಲೊಡ ಅಂದು ಸುಮ್ಮನಾಯಿತು.

"ಎಲ್ಲ ಸರಿಯಾಗಿದೆ ಅಳಿಯಂದ್ರೇ," ಎಂದರು. "ನಿಮಗಿನ್ನೂ ಅಭ್ಯಾಸ ಆಗಿಲ್ಲ, ಅಷ್ಟೇ."